ನಾಲ್ಕು ಅಂಕಿ

ನಾನು ಕಲಿಸಿದ ಪಾಠದಿಂದ ಮುತ್ತವ್ವನ ಕೆಲಸ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹುಲಗಪ್ಪನನ್ನು ಬೈಯುತ್ತೇನೆ, ಕುಬೇರಪ್ಪನನ್ನು ಬೈಯುತ್ತೇನೆ, ಆಫೀಸಿನವರನ್ನೂ ಬಿಡುವುದಿಲ್ಲ. ಅವರೆಲ್ಲ ಬೈಗುಳಕ್ಕೆ ಲಾಯಕ್ಕಾದವರೇ. ಆದರೆ ನನ್ನ ಪಾಲನ್ನು ಮುಚ್ಚಿಟ್ಟು ಅವರನ್ನು ಬೈದರೆ ನಾನೂ ಅವರ ಸಾಲಿಗೇ ಸೇರಿದವಳಾಗುತ್ತೇನೆ.

ನನ್ನ ಹೆಸರು ಕರುಣಾ. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಇರುವುದು ಹುಬ್ಬಳ್ಳಿಯಲ್ಲಿ. ನನ್ನವ್ವ ಗೋಪನಕೊಪ್ಪದ ರಸ್ತೆಗಳನ್ನು ಗುಡಿಸುತ್ತಿದ್ದಳು. ಮುತ್ತವ್ವ ಅವಳ ಜೋಡಿ. ಅವ್ವ ಗುಡಿಸಿ ಗುಂಪು ಹಾಕುವುದು, ಮುತ್ತವ್ವ ತುಂಬಿ ಗಾಡಿ ತಳ್ಳುವುದು. ಹನ್ನೊಂದು ವರ್ಷ ಹೀಗೆ ನಡೆಯಿತು. ಧೂಳು ಕುಡಿದು ಕುಡಿದು ಅವ್ವನ ಎದೆ ಕಟ್ಟಿತು. ಸತ್ತಾಗ ಅವಳಿಗೆ ಐವತ್ತೂ ಆಗಿರಲಿಲ್ಲ. ಅದಾಗಿ ಆರು ವರ್ಷ. ಮುತ್ತವ್ವ ಈಗಲೂ ಗುಡಿಸುತ್ತಾಳೆ, ತುಂಬುತ್ತಾಳೆ, ತಳ್ಳುತ್ತಾಳೆ, ಎಲ್ಲ ಒಬ್ಬಳೇ. ನಾನು ಅವಳಿಗೆ ಚಿಗವ್ವ ಎನ್ನುತ್ತೇನೆ.

ಹೋದ ವರ್ಷ ಒಂದು ಸಂಸ್ಥೆಯವರು ಸ್ವಯಂಸೇವಕರು ಬೇಕೆಂದು ಕರೆದರು. ಬಡವರಿಗೆ ದುಡ್ಡಿನ ವ್ಯವಹಾರ ಕಲಿಸಬೇಕು, ವಾರಕ್ಕೆ ಒಂದೇ ತಾಸು, ಸಂಬಳವಿಲ್ಲ. ನಾನು ಹೆಸರು ಕೊಟ್ಟೆ. ಗೋಕುಲ ರಸ್ತೆಯ ಹೋಟೆಲೊಂದರ ಎಸಿ ಹಾಲ್‌ನಲ್ಲಿ ಎರಡು ದಿನ ತರಬೇತಿ ನಡೆಯಿತು. ಸಂಸ್ಥೆಯ ಭಾಗ್ಯಶ್ರೀ ಮೇಡಂ ಪರದೆಯ ಮುಂದೆ ನಿಂತು ಬಡತನದ ಬೇರು ಇರುವುದು ತಿಳುವಳಿಕೆಯ ಕೊರತೆಯಲ್ಲಿ ಎಂದರು. ನಾನದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಕೆಳಗೆ ಗೆರೆ ಬೇರೆ ಎಳೆದೆ. ತಿಂಗಳಿಗೆ ಹದಿನೆಂಟು ನೂರು ರೂಪಾಯಿಯಲ್ಲಿ ಮೂರು ಹೊಟ್ಟೆ ಹೊರೆದು ನನ್ನನ್ನು ಡಿಗ್ರಿ ಓದಿಸಿದವಳ ಮಗಳು ಗೆರೆ ಎಳೆದಳು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಓಣಿಯ ಸಮುದಾಯ ಭವನದಲ್ಲಿ ಐತವಾರ ಮಧ್ಯಾಹ್ನ ಪಾಠ. ಬಂದವರು ಇಪ್ಪತ್ತೊಂದು ಹೆಂಗಸರು, ಎಲ್ಲರೂ ಕಸ ಗುಡಿಸುವವರು. ಬೆಳಗಿನ ಐದಕ್ಕೆ ಹಾಜರಿ, ಹನ್ನೊಂದಕ್ಕೆ ಬಿಡುಗಡೆ. ಐತವಾರವೂ ಬಿಡುವಿಲ್ಲ. ಕೈ ತೊಳೆದು ಬಂದು ಕೂತರೂ ಬೆರಳ ಸಂದಿಯಲ್ಲಿ ಆ ವಾಸನೆ ಇರುತ್ತದೆ. ನನಗದು ಗೊತ್ತಿರುವ ವಾಸನೆ. ಅವ್ವ ಆ ಕೈಯಿಂದಲೇ ನನ್ನ ತಲೆ ಬಾಚುತ್ತಿದ್ದಳು.

ಸಂಸ್ಥೆ ಕೊಟ್ಟ ಚಿತ್ರದ ಪುಸ್ತಕದ ಮೊದಲ ಹಾಳೆಯಲ್ಲಿ ಒಬ್ಬ ಬೆಳ್ಳನೆಯ ಹೆಂಗಸು ಗುಲಾಬಿ ಬಣ್ಣದ ಹಂದಿಯ ಬೆನ್ನಿಗೆ ನಾಣ್ಯ ಹಾಕುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸತ್ತ ಹಂದಿ ಎತ್ತಿ ಎತ್ತಿ ರಟ್ಟೆ ಹೋಗಿವೆ, ಅದರ ಹೊಟ್ಟೆಯಲ್ಲಿ ಯಾರು ರೊಕ್ಕ ಇಡುತ್ತಾರೆ ಎಂದಳು ರೆಹಮತ್‌ಬಿ. ಎರಡನೇ ಹಾಳೆಯಲ್ಲಿ ಅಗತ್ಯ ಯಾವುದು, ಬಯಕೆ ಯಾವುದು ಎಂದು ಬೇರೆ ಮಾಡಬೇಕಿತ್ತು. ಚಹಾ ಬಯಕೆಯ ಕಡೆ ಇತ್ತು. ಮುತ್ತವ್ವ ಎದ್ದು ಬಂದು ಚಹಾದ ಚಿತ್ರದ ಮೇಲೆ ಬೆರಳಿಟ್ಟಳು. ಖಾಲಿ ಹೊಟ್ಟೆಯಲ್ಲಿ ಗಟಾರದ ರಾಡಿ ಎತ್ತಿದ ಮೇಲೆ ಒಂದು ಗುಟುಕು ಚಹಾ ಇಲ್ಲದಿದ್ದರೆ ವಾಂತಿಯಾಗುತ್ತದೆ, ಇದನ್ನು ಬರೆದವನಿಗೆ ಹೇಳು ಎಂದಳು. ಆ ಹಾಳೆಯನ್ನು ನಾನು ಮತ್ತೆ ತೆರೆಯಲಿಲ್ಲ.

ಮೂರನೇ ವಾರ ಪಾಸ್‌ಬುಕ್ ತರಲು ಹೇಳಿದೆ. ಆಗ ಗೊತ್ತಾಯಿತು. ತಿಂಗಳಿಗೆ ಪ್ರತಿಯೊಬ್ಬರ ಖಾತೆಗೆ ಬೀಳುವುದು ಹದಿನಾಲ್ಕು ಸಾವಿರ. ಕೈಗೆ ಬರುವುದು ಹನ್ನೊಂದು ಸಾವಿರ. ಮೂರು ಸಾವಿರ ಎಲ್ಲಿ ಎಂದು ಕೇಳಿದೆ. ಮುತ್ತವ್ವ, ಮಳೆ ಬಂದರೆ ನೆಲ ಹಸಿಯಾಗುತ್ತದೆ ಎಂಬಷ್ಟು ಸಲೀಸಾಗಿ ಹೇಳಿದಳು. ಅದು ಕುಬೇರಪ್ಪನದು.

ಕುಬೇರಪ್ಪ ಪಾಲಿಕೆಯ ಕಸದ ಗುತ್ತಿಗೆದಾರ. ಹುಲಗಪ್ಪ ಅವನ ಜಮಾದಾರ, ಹಾಜರಿ ಹಿಡಿಯುವವನು. ಪಗಾರ ಬಿದ್ದ ದಿನ ಹುಲಗಪ್ಪ ಎಟಿಎಂ ಮುಂದೆ ಎಲ್ಲರನ್ನೂ ಸಾಲಾಗಿ ಕೂಡಿಸಿ ಕಾರ್ಡು ಇಸಿದುಕೊಳ್ಳುತ್ತಾನೆ. ಒಳಗೆ ಹೋಗಿ ದುಡ್ಡು ತೆಗೆಯುತ್ತಾನೆ. ಹೊರಗೆ ಬಂದು ಹನ್ನೊಂದು ಸಾವಿರ ಎಣಿಸಿ ಕೊಡುತ್ತಾನೆ, ಕಾರ್ಡನ್ನೂ ಮರಳಿಸುತ್ತಾನೆ. ಎಲ್ಲರ ಗುಟ್ಟಿನ ನಂಬರೂ ಸಾಲಾಗಿ ನಾಲ್ಕು ಸಲ ಒಂದು. ಕಾರ್ಡು ಬಂದ ದಿನ ಅವನೇ ಇಟ್ಟುಕೊಟ್ಟದ್ದು. ಬಾಯಿ ಬಿಟ್ಟು ಯಾರೂ ಏನನ್ನೂ ಕೇಳುವುದಿಲ್ಲ. ಗಾಜಿನ ಬಾಗಿಲ ಹಿಂದೆ ಕೆಲಸ ಮುಗಿದು ಹೋಗುತ್ತದೆ.

ಕೊಡಬೇಡಿ ಎಂದೆ. ಎಲ್ಲರೂ ನನ್ನನ್ನು ಏನೂ ಅರಿಯದ ಪಾಪದವಳು ಎಂಬಂತೆ ನೋಡಿದರು. ಮುತ್ತವ್ವ ಬಿಡಿಸಿ ಹೇಳಿದಳು.

"ಕಾಯಂ ಮಾಡೋ ಪಟ್ಟಿ ಬರೂದೈತೆವ್ವಾ. ಹಾಜರಿ ಪುಸ್ತಕದಾಗ ಹೆಸರು ಇದ್ದವರಿಗೆ ಅಷ್ಟ. ಹದಿನೇಳು ವರ್ಸ ಆತು ನಂದು. ಒಂದ ತಿಂಗಳ ಹೆಸರು ಹೊಡದ್ರ ಹದಿನೇಳೂ ಹೋದಂಗ. ಮೂರು ಸಾವಿರ ಆ ಹೆಸರಿನ ಬಾಡಗಿ."

ಕಾಯಂ ಆದರೆ ಅವಳಿಗೆ ಪಿಂಚಣಿ ಬರುತ್ತದೆ, ಬಿದ್ದರೆ ದವಾಖಾನೆ ಸಿಗುತ್ತದೆ. ಗಂಡ ಹಾಸಿಗೆ ಹಿಡಿದು ನಾಲ್ಕು ವರ್ಷವಾಯಿತು. ಅವಳಿಗೆ ಐವತ್ತನಾಲ್ಕು. ಮೊಣಕಾಲು ಬಾಗುವುದಿಲ್ಲ. ಆ ಪುಸ್ತಕದಲ್ಲಿನ ಹೆಸರು ಬಿಟ್ಟರೆ ಅವಳ ಹತ್ತಿರ ಬೇರೆ ಆಸ್ತಿಯಿಲ್ಲ.

ಅವತ್ತು ಮನೆಗೆ ಹೋದವಳು ಅದನ್ನೇ ಲೆಕ್ಕ ಹಾಕುತ್ತ ಕೂತೆ. ಒಂದು ಉಪಾಯ ಹೊಳೆಯಿತು. ಬಹಳ ಶಾಣ್ಯಾತನದ ಉಪಾಯವೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಯಾರೂ ಒಲ್ಲೆ ಎನ್ನುವುದು ಬೇಡ, ಯಂತ್ರವೇ ಒಲ್ಲೆ ಎನ್ನಲಿ. ಪಗಾರಕ್ಕೆ ಮೊದಲೇ ಎಲ್ಲರೂ ತಮ್ಮ ತಮ್ಮ ನಂಬರು ಬದಲಿಸಲಿ. ಹತ್ತನೇ ತಾರೀಖು ಎಂದಿನಂತೆ ಕಾರ್ಡು ಕೊಡಲಿ. ಯಂತ್ರ ತೆರೆಯದಿದ್ದರೆ ಹುಲಗಪ್ಪ ಬಾಯಿ ಬಿಟ್ಟು ನಂಬರು ಕೇಳಬೇಕು, ದುಡ್ಡು ಕೇಳಬೇಕು. ಕೇಳಿದ್ದನ್ನು ಫೋನಿನಲ್ಲಿ ಹಿಡಿದರೆ ದೂರಿಗೆ ಪುರಾವೆಯಾಯಿತು. ಹೆಂಗಸರು ಎರಡು ವಾರ ಯೋಚಿಸಿದರು. ಮುತ್ತವ್ವ ಹೂಂ ಎಂದ ಮೇಲೆ ಉಳಿದವರೂ ಹೂಂ ಎಂದರು. ಅವಳು ಹೂಂ ಎಂದದ್ದು ನಾನು ಅವಳ ಜೋಡಿಯ ಮಗಳು ಎಂಬ ಒಂದೇ ಕಾರಣಕ್ಕೆ.

ಹಳೆಯ ಡಬ್ಬಾ ಮೊಬೈಲಿನ ಗುಂಡಿಗಳ ಮೇಲೆ ಅಂಕಿ ಒತ್ತುವುದನ್ನು ಕಲಿಸಿದೆ. ಪುಸ್ತಕದಲ್ಲಿ ಇದ್ದಂತೆಯೇ ಹೇಳಿದೆ. ನಿಮಗೆ ಮರೆಯದ ನಂಬರು ಇಡಿ. ಹುಟ್ಟಿದ ತಾರೀಖು ಇಡಬೇಡಿ, ಅದು ಬೇರೆಯವರಿಗೆ ಗೊತ್ತಿರುತ್ತದೆ. ಅದಕ್ಕೂ ನಕ್ಕರು. ಅವರ ಆಧಾರ್ ಕಾರ್ಡುಗಳಲ್ಲಿ ಎಲ್ಲರೂ ಜನವರಿ ಒಂದಕ್ಕೇ ಹುಟ್ಟಿದ್ದಾರೆ. ನಮ್ಮನ್ನೆಲ್ಲ ಸರ್ಕಾರದ ಸೂಲಗಿತ್ತಿ ಒಂದೇ ದಿನ ಹೆರಿಗೆ ಮಾಡಿಸಿದಳು ಎಂದು ರೆಹಮತ್‌ಬಿ ಚಾಷ್ಟಿ ಮಾಡಿದಳು. ಇನ್ನೊಂದು ಮಾತನ್ನು ಒತ್ತಿ ಒತ್ತಿ ಹೇಳಿದೆ. ನಿಮ್ಮ ನಂಬರು ಗಂಡನಿಗೂ ಹೇಳಬೇಡಿ, ಮಕ್ಕಳಿಗೂ ಹೇಳಬೇಡಿ, ಒಬ್ಬರಿಗೊಬ್ಬರು ಹೇಳಿಕೊಳ್ಳಬೇಡಿ, ನನಗಂತೂ ಹೇಳಲೇಬೇಡಿ.

ಒಂದು ಐತವಾರ ಎಟಿಎಂಗೆ ಹೋದೆವು. ಒಬ್ಬೊಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಷ್ಟವಾದವರಿಗೆ ಎಲ್ಲಿ ಒತ್ತಬೇಕೆಂದು ತೋರಿಸಿದೆ, ಅಂಕಿ ಹಾಕುವಾಗ ಬೆನ್ನು ತಿರುಗಿಸಿದೆ. ಮುತ್ತವ್ವ ಹೊರಬಂದಾಗ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ನಿನಗೂ ಹೇಳಾಂಗಿಲ್ಲ ನೋಡವ್ವಾ," ಎಂದಳು. "ಇದು ನಂದ ಅಷ್ಟ."

ಅವಳ ಜನ್ಮದಲ್ಲಿ ಅವಳದೇ ಆದ ಒಂದು ಗುಟ್ಟು ಅದು. ಭಾಗ್ಯಶ್ರೀ ಮೇಡಂಗೆ ಫೋನು ಮಾಡಿ ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಮಂದಿ ಬದಲಿಸಿದರು ಎಂದೆ. ಜಿಲ್ಲೆಯಲ್ಲೇ ಇಂಥ ಫಲಿತಾಂಶ ಇಲ್ಲ, ಫೋಟೋ ಕಳಿಸ್ರಿ ಎಂದರು. ಕಳಿಸಿದೆ.

ಹತ್ತನೇ ತಾರೀಖು ಬುಧವಾರ ಬಂತು. ಅರ್ಧ ದಿನ ರಜೆ ಹಾಕಿ ಎಟಿಎಂ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತೆ. ಹತ್ತಿರ ಬರಬೇಡ ಎಂದು ಹೆಂಗಸರೇ ಹೇಳಿದ್ದರು. ಕೆಲಸ ಮುಗಿಸಿ ಬಂದವರು ಗಟಾರದ ದಂಡೆಗೆ ಸಾಲಾಗಿ ಕೂತರು. ಮೇಲೆ ಅಂಗಡಿಗಳ ಕಟ್ಟೆ ಖಾಲಿ ಇತ್ತು. ಅಲ್ಲಿ ಕೂರಬಾರದು ಎಂದು ಅವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಹುಲಗಪ್ಪ ಬಂದ. ಅವನೂ ನಮ್ಮ ಓಣಿಯವನೇ. ಅವನಪ್ಪನೂ ಕಸ ಹೊತ್ತವನು. ಏಪ್ರಿಲ್ ಹದಿನಾಲ್ಕರ ಮೆರವಣಿಗೆಗೆ ಮನೆ ಮನೆ ತಿರುಗಿ ಚಂದಾಪಟ್ಟಿ ಎತ್ತುವವನೂ ಅವನೇ. ಕಾರ್ಡು ಇಸಿದುಕೊಂಡು ಇಸ್ಪೀಟಿನ ಎಲೆಯಂತೆ ಜೋಡಿಸಿ ಒಳಗೆ ಹೋದ. ಒಂದು ನಿಮಿಷಕ್ಕೆ ಹೊರಗೆ ಬಂದ. ನಂಬರು ತಪ್ಪು ಅಂತೈತಿ, ಯಾಕ ಎಂದು ಕೇಳಿದ. ನಮಗೇನು ಗೊತ್ತು, ಯಂತ್ರಕ್ಕೇ ಕೇಳು ಎಂದಳು ಮುತ್ತವ್ವ. ನಾನು ಫೋನು ಕೈಯಲ್ಲಿ ಹಿಡಿದು ಸಿದ್ಧವಾಗಿದ್ದೆ. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದೆ.

ಅವನು ಕೇಳಲಿಲ್ಲ. ಬೀದಿಯಾಚೆ ನಿಂತ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ಮತ್ತೆ ಒಳಗೆ ಹೋದ. ಅರೆ ತೆರೆದ ಬಾಗಿಲಿನಿಂದ, ಆ ಕಿರಿದಾದ ಬೀದಿಯ ಈಚೆಗೂ, ಯಂತ್ರ ನೋಟು ಎಣಿಸುವ ಸದ್ದು ಕೇಳಿಸಿತು. ನಿಂತಿತು, ಮತ್ತೆ ಕೇಳಿಸಿತು. ಅದು ಮುಗಿಯಲೇ ಇಲ್ಲ.

ನಾನು ಬೀದಿ ದಾಟಿ ಓಡಿದೆ. ಹುಲಗಪ್ಪ ಹೊರಗೆ ಬಂದು ನೋಟಿನ ಕಂತೆಗಳನ್ನು ಸೊಂಟದ ಚೀಲದಿಂದ ತೆಗೆದ. "ಹದಿನಾಲ್ಕು, ಸೊನ್ನಿ ನಾಲ್ಕು," ಎಂದ. ಅಷ್ಟೇ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಅವರು ನನ್ನ ಮೇಲೆ ಸಂಶಯಪಟ್ಟರು. ಆಮೇಲೆ ಒಬ್ಬಳು ಪಕ್ಕದವಳ ರಟ್ಟೆ ಹಿಡಿದು ನೀ ಹೇಳಿದಿ, ನನ್ನ ನಂಬರು ನೀ ಕದ್ದು ನೋಡಿದಿ ಎಂದಳು. ನಾ ಯಾಕ ನೋಡಲಿ, ಅದು ನಂದು ಎಂದಳು ಅವಳು. ನಂದೂ ಅದ ಎಂದಳು ಮೂರನೆಯವಳು. ಯಾರೂ ಯಾರಿಗೂ ಹೇಳಿರಲಿಲ್ಲ. ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ಒಬ್ಬೊಬ್ಬರೂ ಬಾಗಿಲು ಹಾಕಿಕೊಂಡು, ತನ್ನೊಬ್ಬಳದೇ ಎಂದುಕೊಂಡು, ಬಾಬಾಸಾಹೇಬರು ಹುಟ್ಟಿದ ದಿನವನ್ನು ಇಟ್ಟಿದ್ದರು. ಅವರಿಗೆ ಖಾತ್ರಿ ಗೊತ್ತಿದ್ದ ತಾರೀಖು ಅದೊಂದೇ. ತಮ್ಮದು ಗೊತ್ತಿಲ್ಲ, ಹೆತ್ತ ಮಕ್ಕಳದೂ ಗೊತ್ತಿಲ್ಲ. ರೆಹಮತ್‌ಬಿ ಮಾತ್ರ ತಮ್ಮ ಬಿಸ್ಮಿಲ್ಲಾದ ಅಂಕಿ, ಸೊನ್ನೆ ಏಳುನೂರ ಎಂಬತ್ತಾರು ಇಟ್ಟಿದ್ದಳು. ಅದನ್ನು ಹುಲಗಪ್ಪ ಎರಡನೇ ಸಲಕ್ಕೆ ಹಿಡಿದಿದ್ದ.

ನಾಚಿಕೆಯಾಗುವುದಿಲ್ಲವೇ ಕಾಕಾ, ಆ ದಿನವನ್ನು ಹಿಡಿದು ಇವರ ದುಡ್ಡು ತೆಗೆದೆಯಲ್ಲ ಎಂದು ನಾನು ಕೂಗಿದೆ. ಹುಲಗಪ್ಪ ನಗಲಿಲ್ಲ, ಸಿಟ್ಟಿಗೂ ಬರಲಿಲ್ಲ.

"ನನ್ನ ಕಾರ್ಡಿನ ನಂಬರೂ ಅದ ಐತಿ, ಕರುಣಾ," ಎಂದ. "ನಮಗ ಬ್ಯಾರೆ ಯಾವ ತಾರೀಖು ಗೊತ್ತೈತಿ ಹೇಳು."

ಕುಬೇರಪ್ಪನಿಗೆ ಫೋನು ಹೋಗಿತ್ತು. ಶಾಣ್ಯಾತನಕ್ಕೆ ದಂಡವಾಗಿ ಈ ತಿಂಗಳು ಐದು ಸಾವಿರ ಮುರಿಯಬೇಕು ಎಂದು ಹುಕುಂ ಆಗಿತ್ತು. ಹುಲಗಪ್ಪ ಒಂಬತ್ತು ಸಾವಿರ ಎಣಿಸಿ ಒಬ್ಬೊಬ್ಬರ ಉಡಿಗೆ ಹಾಕುತ್ತ ಬಂದ. ಎಲ್ಲರೂ ಸೆರಗು ಒಡ್ಡಿದರು. ಮುತ್ತವ್ವನ ಸರದಿ ಬಂತು. ಅವಳು ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು. ಸೆರಗು ಒಡ್ಡಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಪೂರಾ ಕೊಡು. ಇಲ್ಲಾಂದ್ರ ಪೂರಾ ನೀನ ಇಟ್ಕೋ. ಅರ್ಧ ನಾ ಮುಟ್ಟಾಂಗಿಲ್ಲ."

ಚಿಗವ್ವ, ತಗೋ ಎಂದೆ ನಾನು. ಹೌದು, ನಾನೇ ಎಂದೆ. ಬಂದಷ್ಟು ತಗೋ, ಮುಂದೆ ನೋಡೋಣ ಎಂದೆ. ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ಹುಲಗಪ್ಪ ನೋಟು ಹಿಡಿದ ಕೈ ಚಾಚಿಕೊಂಡೇ ನಿಂತ. ಅದನ್ನಾದರೂ ಫೋನಿನಲ್ಲಿ ಹಿಡಿಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಹಟ ಮಾಡಬ್ಯಾಡ ಮುತ್ತವ್ವಾ, ಮ್ಯಾಲಿನವರಿಗೆ ನಾ ಏನು ಹೇಳ್ಲಿ ಎಂದ. ಅವಳು ಕೈ ಬಿಚ್ಚಲಿಲ್ಲ. ಕೊನೆಗೆ ಅವನು ಆ ಹದಿನಾಲ್ಕು ಸಾವಿರವನ್ನೂ ಚೀಲಕ್ಕೆ ಹಾಕಿಕೊಂಡು, ಅವಳ ಕಾರ್ಡನ್ನು ಕಟ್ಟೆಯ ಮೇಲಿಟ್ಟು ಹೋದ.

ಮರುದಿನ ಬೆಳಗಿನ ಐದಕ್ಕೆ ಹಾಜರಿ ಕೂಗುವಾಗ ಇಪ್ಪತ್ತು ಹೆಸರು ಬಂದವು. ಮುತ್ತವ್ವನ ಹೆಸರ ಮೇಲೆ ಕೆಂಪು ಗೆರೆ ಬಿದ್ದಿತ್ತು.

ನಾನು ಗೋಕುಲ ರಸ್ತೆಯಲ್ಲಿರುವ ಕುಬೇರಪ್ಪನ ಅಂಗಡಿಗೆ ಹೋದೆ. ಹಣೆ ತುಂಬ ವಿಭೂತಿ, ಮಾತು ಬೆಣ್ಣೆ. ಬರ್ರಿ, ಕೂಡ್ರಿ, ಚಹಾ ತಗೋರಿ ಎಂದ. ಹಾಜರಿಯ ಕೆಲಸ ಜಮಾದಾರನದು, ತನಗೆ ಅದರ ಗಂಧವೂ ಇಲ್ಲ ಎಂದ. ಆಮೇಲೆ ನನ್ನನ್ನು ಹೊಗಳಿದ. ನಿಮ್ಮಂಥವರು ಈ ಮಂದಿಗೆ ಕಲಿಸಬೇಕು, ಇವರಿಗೆ ರೊಕ್ಕದ ಬುದ್ಧಿಯೇ ಇಲ್ಲ, ಬೇಕಿದ್ದರೆ ನಿಮ್ಮ ಪಾಠಕ್ಕೆ ಐವತ್ತು ನೋಟ್‌ಬುಕ್ ಕೊಡಿಸುತ್ತೇನೆ ಎಂದ. ಚಹಾ ಕಾಗದದ ಕಪ್ಪಿನಲ್ಲಿ ಬಂತು. ಅವನದು ಸ್ಟೀಲಿನ ಲೋಟದಲ್ಲಿತ್ತು. ನಾನು ಕುಡಿಯದೆ ಎದ್ದು ಬಂದೆ. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲು ನನ್ನ ಕೈಲಾಗಲಿಲ್ಲ.

ಪಾಲಿಕೆಯ ಆಫೀಸಿಗೆ ದೂರು ಬರೆದುಕೊಂಡು ಹೋದೆ. ಸಾಹೇಬರು ಮುತ್ತವ್ವನ ಪಾಸ್‌ಬುಕ್ ತಿರುವಿ ಹಾಕಿದರು. ಹದಿನಾಲ್ಕು ಸಾವಿರ ಜಮಾ, ಅದೇ ದಿನ ಹದಿನಾಲ್ಕು ಸಾವಿರ ಖರ್ಚು. ಅವರದೇ ಕಾರ್ಡು, ಅವರದೇ ನಂಬರು. ಇದರಲ್ಲಿ ಅನ್ಯಾಯ ಎಲ್ಲಿದೆ ತೋರಿಸಿ ಎಂದರು. ಅವರು ನಂಬರು ಯಾರಿಗೂ ಹೇಳಿಲ್ಲ ಎಂದೆ. ಹಾಗಾದರೆ ಅವನಿಗೆ ಹೇಗೆ ತಿಳಿಯಿತು ಎಂದು ಕೇಳಿದರು. ನಾನು ಹೇಳಿದೆ. ಅವರ ತಲೆಯ ಮೇಲೆ ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ ಇತ್ತು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಇದನ್ನು ಫೈಲಿನಲ್ಲಿ ಹೇಗೆ ಬರೆಯಲಿ ಮೇಡಂ ಎಂದರು. ಹುಲಗಪ್ಪ ದುಡ್ಡು ಕೇಳಿದ ಪುರಾವೆ ಇದೆಯೇ ಎಂದರು. ಇರಲಿಲ್ಲ. ಅವನು ಏನನ್ನೂ ಕೇಳಿರಲಿಲ್ಲ. ಸಾಕ್ಷಿ ಹೇಳಲು ಉಳಿದ ಇಪ್ಪತ್ತು ಮಂದಿಯಲ್ಲಿ ಒಬ್ಬರೂ ಬರಲಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಅವರ ಹೆಸರು ಇನ್ನೂ ಪುಸ್ತಕದಲ್ಲಿತ್ತು.

ನನ್ನಿಂದಲೇ ಹೀಗಾಯಿತು, ಆ ತಿಂಗಳ ಪಗಾರ ನಾನೇ ತುಂಬುತ್ತೇನೆ ಎಂದು ಮುತ್ತವ್ವನ ಮನೆಗೆ ಹೋದೆ. ಅವಳು ಇಸಿದುಕೊಳ್ಳಲಿಲ್ಲ. ಹೆಸರು ತಂದು ಕೊಡು, ರೊಕ್ಕ ಬ್ಯಾಡ ಎಂದಳು. ಬೈಯಲಿಲ್ಲ. ಒಂದು ಮಾತು ಬೈದಿದ್ದರೆ ನನಗೆ ಉಸಿರಾಡಲಾದರೂ ಆಗುತ್ತಿತ್ತು.

ಶನಿವಾರ ಸಂಜೆ ರೆಹಮತ್‌ಬಿ ಫೋನು ಮಾಡಿದಳು. ನಾಳೆ ಪಾಠಕ್ಕೆ ಬರಬ್ಯಾಡ್ರಿ, ನಮ್ಮವರು ಅಂಜಾಕತ್ತಾರ ಎಂದಳು. ಈ ಹಿಂದೆ ಅವಳು ನನಗೆ ರಿ ಹಚ್ಚಿ ಮಾತಾಡಿರಲಿಲ್ಲ. ಹಾಗೇ ಇನ್ನೊಂದು ವಿಷಯ ಹೇಳಿದಳು. ಮುತ್ತವ್ವ ದಿನಾ ಕೆಲಸಕ್ಕೆ ಬರುತ್ತಿದ್ದಾಳೆ. ಹಾಜರಿಯಿಲ್ಲ, ಪಗಾರವಿಲ್ಲ, ಆದರೂ ಬರುತ್ತಾಳೆ. ಹುಲಗಪ್ಪ ನೋಡಿಯೂ ನೋಡದವನಂತೆ ಇದ್ದಾನೆ. ಪುಕ್ಕಟೆ ಗುಡಿಸುವವಳನ್ನು ಯಾರು ಬ್ಯಾಡ ಅಂತಾರ ಎಂದಳು.

ಮರುದಿನ ಬೆಳಿಗ್ಗೆ ಆರೂವರೆಗೆ ಗೋಪನಕೊಪ್ಪಕ್ಕೆ ಹೋದೆ. ಅವ್ವ ಗುಡಿಸುತ್ತಿದ್ದ ಅದೇ ಓಣಿ. ಮುತ್ತವ್ವ ಬಾಗಿ ಗುಡಿಸುತ್ತಿದ್ದಳು. ಬಾಗದ ಕಾಲನ್ನು ಹಿಂದಕ್ಕೆ ಚಾಚಿ, ಒಂದೇ ಕಾಲಿನ ಮೇಲೆ ಭಾರ ಹಾಕಿದ್ದಳು. ಗ್ಲೌಸು ಇರಲಿಲ್ಲ. ಗುತ್ತಿಗೆದಾರನ ಗ್ಲೌಸನ್ನು ಮರಳಿ ಇಸಿದುಕೊಂಡಿದ್ದರು. ರಾತ್ರಿ ಯಾವುದೋ ಮನೆಯಲ್ಲಿ ಊಟದ ಕಾರ್ಯಕ್ರಮವಾಗಿತ್ತು. ಎಂಜಲೆಲೆಗಳನ್ನು ನಾಯಿಗಳು ಬೀದಿ ತುಂಬ ಎಳೆದಾಡಿದ್ದವು. ಅವಳು ಒಂದೊಂದನ್ನೇ ಬರಿಗೈಯಲ್ಲಿ ಬಳಿದು ಗಾಡಿಗೆ ತುಂಬುತ್ತಿದ್ದಳು. ಮಿಕ್ಕ ಸಾರು ಮೊಣಕೈತನಕ ಇಳಿದಿತ್ತು.

ಬಿಡು ಚಿಗವ್ವ, ಒಂದು ಪೈಸೆ ಇಲ್ಲದೆ ಯಾಕೆ ಸಾಯುತ್ತೀ ಎಂದೆ. ಅವಳು ಕೆಲಸ ನಿಲ್ಲಿಸಲಿಲ್ಲ.

"ಪಟ್ಟಿ ಮಾಡೋರು ಬಂದು ಓಣ್ಯಾಗ ಕೇಳ್ತಾರಂತ, ಇಲ್ಲಿ ಕಸ ಹೊಡ್ಯಾಕಿ ಯಾರು ಅಂತ. ಆವಾಗ ಈ ಮಂದಿ ನನ್ನ ಹೆಸರು ಹೇಳಬೇಕಲ್ಲ. ನಾ ಬಿಟ್ರ ಮತ್ತೊಬ್ಬಾಕಿ ಹೆಸರು ಹೇಳ್ತಾರ."

ಯಾರೂ ಕೇಳಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಪಟ್ಟಿಯಾಗುವುದು ಹಾಜರಿ ಪುಸ್ತಕ ನೋಡಿ. ಅದನ್ನು ಹೇಳುವ ಬದಲು, ಪೊರಕೆ ಕೊಡು, ಸ್ವಲ್ಪ ಹೊತ್ತು ನಾನು ಗುಡಿಸುತ್ತೇನೆ ಎಂದು ಕೈ ಚಾಚಿದೆ. ಅವಳು ಪೊರಕೆಯನ್ನು ಹಿಂದಕ್ಕೆ ಎಳೆದುಕೊಂಡಳು. ಇದು ನನ್ನ ಓಣಿ ಎಂದಳು.

ಅಷ್ಟರಲ್ಲಿ ಊಟದ ಮನೆಯ ಗೇಟು ತೆರೆಯಿತು. ಮನೆಯೊಡತಿ ಮುಖ ಹೊರಗೆ ಹಾಕಿದಳು. ಹದಿನೇಳು ವರ್ಷದಿಂದ ಆ ಗೇಟಿನ ಮುಂದೆ ಮುತ್ತವ್ವ ಗುಡಿಸಿದ್ದಾಳೆ.

"ಏ ಕಸದಾಕಿ," ಎಂದಳು ಆಕೆ. "ಗೇಟಿನ ಬಾಜೂಕ ಎರಡು ಎಲಿ ಉಳದಾವ ನೋಡು."

ಬಂದೆನ್ರೀ ಎಂದಳು ಮುತ್ತವ್ವ. ಗಾಡಿ ಎಳೆದುಕೊಂಡು ಗೇಟಿನತ್ತ ಕುಂಟುತ್ತ ಹೊರಟಳು. ನಾನು ದಾರಿಯ ನಡುವೆ ನಿಂತಿದ್ದೆ. ಅವಳು ಪೊರಕೆಯನ್ನು ನನ್ನ ಚಪ್ಪಲಿಯ ಹತ್ತಿರ ತಂದು ತಡೆದಳು.

"ಅತ್ತಾಗ ಸರಿ ಯವ್ವಾ, ಕಾಲಿಗೆ ಕಸ ಹತ್ತತೈತಿ."

ನಾನು ಸರಿದು ನಿಂತೆ.